ಬುಧವಾರ ನನ್ನ ರಜೆ

ಜನವರಿ 9

ಪ್ರೀತಿಯ ಮೊಂಡಿಗೆ,

ನಿನ್ನ ಕಾಗದ ಓದಿ ಅಡುಗೆಮನೆಯಲ್ಲೇ ಒಂದು ಸುತ್ತು ಕುಣಿದೆ. ಅಮ್ಮ ಹಾಸಿಗೆಯಿಂದಲೇ, "ಏನೇ ಅದು, ಪಾತ್ರೆ ಬಿತ್ತಾ?" ಅಂತ ಕೂಗಿದಳು. ನಿನ್ನ ಕಿರಿಮಗಳು ಬಸುರಿ ಅಂತ ಹೇಳಿದೆ. ಸ್ವಲ್ಪ ಹೊತ್ತು ಅತ್ತಳು, ಆಮೇಲೆ ಬಿಸಿನೀರು ಕೇಳಿದಳು. ಇನ್ನು ಆಸೆ ಬಿಟ್ಟೆ ಅಂತ ಹೋದ ವರ್ಷವಷ್ಟೇ ಬರೆದಿದ್ದವಳು ನೀನು. ನಿನ್ನ ಮೌನಿಬಾಬಾ ಏನಂದರು? ಈ ಸಲವಾದರೂ ಬಾಯಿ ಬಿಟ್ಟರಾ, ಇಲ್ಲ ಎಂದಿನಂತೆ ತಲೆ ಆಡಿಸಿ ಲಾರಿ ಕೆಳಗೆ ತೂರಿಕೊಂಡರಾ?

ಫೋನು ಮಾಡೋಣವೆಂದರೆ ನಿಮ್ಮ ಫೋನಿರುವುದು ಅಂಗಡಿಯ ಗಲ್ಲಾದ ಪಕ್ಕ, ಗಲ್ಲಾದಲ್ಲಿ ಕೂತಿರುವುದು ನಿನ್ನ ಅತ್ತೆ. ಅವರ ಕಿವಿಗೆ ಬಿದ್ದ ಮೇಲೆ ಅದು ಗುಟ್ಟೂ ಅಲ್ಲ, ಸುದ್ದಿಯೂ ಅಲ್ಲ. ಕಾಗದವೇ ವಾಸಿ. ಹೇಗೂ ಅಂಚೆ ವ್ಯಾನು ದಿನಾ ಗಡಿ ಸೇತುವೆ ದಾಟಿ ನಿಮ್ಮ ದೇಶಕ್ಕೆ ಬರುತ್ತದೆ.

ಇಲ್ಲಿ ನನ್ನ ತಲೆ ಕೆಟ್ಟುಹೋಗಿದೆ. ಮೊನ್ನೆ ರಾಜಧಾನಿಯಿಂದ ದೊಡ್ಡ ಸಾಹೇಬರು ನಮ್ಮ ಪರೀಕ್ಷಾ ಕೋಣೆಗೆ ಬಂದಿದ್ದರು. ಗೋಡೆಗೆ ಒಂದು ಗ್ರಾಫ್ ಅಂಟಿಸಿ ಕೋಲಿನಿಂದ ತೋರಿಸಿದರು. ದೇಶದಲ್ಲೆಲ್ಲ ಹೊಸದಾಗಿ ಎಚ್‌ಐವಿ ಕಂಡುಬರುವುದು ಇಳಿಯುತ್ತಿದೆಯಂತೆ, ಗಡಿಯ ಊರುಗಳಲ್ಲಿ ಮಾತ್ರ ಏರುತ್ತಿದೆಯಂತೆ, ಅದರಲ್ಲೂ ನಮ್ಮೂರೇ ಮುಂದಂತೆ. "ಏನಮ್ಮಾ, ಆಪ್ತ ಸಮಾಲೋಚಕಿ ಅಂತ ಇಲ್ಲಿ ಕೂತು ಜನಕ್ಕೆ ಏನು ಹೇಳ್ತಿದ್ದೀರಿ?" ಅಂತ ನನ್ನನ್ನೇ ಕೇಳಿದರು. ನನಗೆ ಮೈ ಉರಿಯಿತು. "ಸಾರ್, ಇದು ನಮ್ಮೂರಿನ ಲೆಕ್ಕ ಅಲ್ಲ. ಇಲ್ಲಿ ಬರೋರು ಅರ್ಧಕ್ಕರ್ಧ ಸೇತುವೆ ಆಚೆಯೋರು. ಅವರೂರಲ್ಲಿ ಗುರುತು ಸಿಗುತ್ತೆ ಅಂತ ಇಲ್ಲಿಗೆ ಬರ್ತಾರೆ. ನಮ್ಮೋರು ಅದೇ ಭಯಕ್ಕೆ ಅಲ್ಲಿಗೆ ಹೋಗ್ತಾರೆ. ಇಲ್ಲಿ ನಾವು ಹೆಸರು, ಊರು ಕೇಳಲ್ಲ, ಅದಕ್ಕೇ ಬರೋದು" ಅಂದೆ. ಸಾಹೇಬರು ಕೋಲು ಮಡಚಿ ಜೇಬಿಗೆ ಇಟ್ಟುಕೊಂಡರು. ನನ್ನ ಮಾತು ಕೇಳಿಸಿತೋ ಇಲ್ಲವೋ.

ಅದಿರಲಿ. ನಿನ್ನ ಮೇಲೆ ಒಂದು ದೂರು ಇದೆ. ರೆಕ್ಸಿನ್ ಅಂಗಡಿಯವನು, "ನಿಮ್ಮ ತಂಗಿ ಬುಧವಾರ ಬಂದಿದ್ರು" ಅಂದ. ಬುಧವಾರ ನನ್ನ ರಜೆ, ಮನೆಯಲ್ಲೇ ಇರುತ್ತೇನೆ ಅಂತ ನಿನಗೆ ಗೊತ್ತು. ಲಾರಿ ಸೀಟಿಗೆ ರೆಕ್ಸಿನ್ ಕೊಳ್ಳಲು ಇಷ್ಟು ದೂರ ಬರುವವಳಿಗೆ ಇನ್ನೆರಡು ಬೀದಿ ನಡೆಯುವುದು ಕಷ್ಟವಾಯಿತೇ? ನಿನ್ನ ಮದುವೆಯ ಹೊತ್ತಿಗೆ, ಸೇತುವೆ ಆಚೆಯ ಸಂಬಂಧ ಬೇಡ ಅಂತ ನಾನು ಆಡಿದ ಮಾತನ್ನು ಇನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೀಯಾ? ಇಟ್ಟುಕೋ, ಆದರೆ ಅಲ್ಲೀಗ ಜಾಗ ಕಡಿಮೆ, ನೆನಪಿರಲಿ.

ಬಸುರಿಯರಿಗೆ ಮಾಡುವ ರಕ್ತಪರೀಕ್ಷೆಗಳನ್ನೆಲ್ಲ ಮಾಡಿಸು. ಎಲ್ಲ ಅಂದರೆ ಎಲ್ಲ.

ನಿನ್ನ ಅಕ್ಕ

*

ಜನವರಿ 24

ಅಕ್ಕಾ,

ನೀನು ಕುಣಿದದ್ದನ್ನು ನೆನೆಸಿಕೊಂಡು ಹೊಲಿಗೆ ಯಂತ್ರದ ಮುಂದೆ ಒಬ್ಬಳೇ ನಕ್ಕೆ. ಅತ್ತೆ, "ಬಸುರಿಯರು ಹಾಗೆಲ್ಲ ಸುಮ್ಮಸುಮ್ಮನೆ ನಗಬಾರದು" ಅಂದರು. ಅವರ ಪ್ರಕಾರ ಬಸುರಿಯರು ಅಳಬಾರದು, ನಗಬಾರದು, ಸೂಜಿ ಹಿಡಿಯಬಾರದು, ಆದರೆ ಅಂಗಡಿಯ ಕೆಲಸ ಮಾತ್ರ ಬಾಕಿ ಉಳಿಯಬಾರದು.

ಇವರು ಸುದ್ದಿ ಕೇಳಿ ಬಾಯಿ ಬಿಡಲಿಲ್ಲ. ಸಂಜೆ ಗ್ಯಾರೇಜಿನಿಂದ ಬಂದು ನನ್ನ ಕುರ್ಚಿಯ ಅಲ್ಲಾಡುತ್ತಿದ್ದ ಕಾಲನ್ನು ರಿಪೇರಿ ಮಾಡಿದರು. ಅಷ್ಟೇ ಅವರ ಭಾಷಣ.

ಬುಧವಾರ ಬರಲಾಗಲಿಲ್ಲ, ನಿಜ. ಲಾರಿ ಹೊರಡುವುದರಲ್ಲಿತ್ತು, ಕತ್ತಲಾದರೆ ಗಡಿ ಗೇಟಿನವರು ನೂರೆಂಟು ಪ್ರಶ್ನೆ ಕೇಳುತ್ತಾರೆ. ಸಿಟ್ಟೂ ಇಲ್ಲ, ಮಣ್ಣೂ ಇಲ್ಲ. ಮದುವೆಯ ಮಾತನ್ನು ನೀನೇ ಜೋಪಾನ ಮಾಡಿ ಇಟ್ಟುಕೊಂಡಿರುವುದು, ನಾನಲ್ಲ.

ರಕ್ತಪರೀಕ್ಷೆ ಎಲ್ಲ ಆಗಿದೆ. ನಮ್ಮ ಬೀದಿಯಲ್ಲೇ ಒಬ್ಬ ನರ್ಸ್ ಮನೆಯಲ್ಲಿ ನೋಡುತ್ತಾರೆ, ಅವರ ಹತ್ತಿರವೇ ತೋರಿಸುತ್ತಿದ್ದೇನೆ. ದೊಡ್ಡಾಸ್ಪತ್ರೆಯ ಸಾಲಿನಲ್ಲಿ ನಿಲ್ಲಲು ನನ್ನಿಂದಾಗದು. ಎಲ್ಲ ಚೆನ್ನಾಗಿದೆಯಂತೆ. ನೀನು ಕೆಲಸದ ಕನ್ನಡಕ ತೆಗೆದಿಟ್ಟು ನನ್ನನ್ನು ಬರೀ ತಂಗಿಯ ಹಾಗೆ ನೋಡು, ಸಾಕು.

ಅಮ್ಮನ ಕಾಲು ಹೇಗಿದೆ?

ಮೊಂಡಿ

*

ಫೆಬ್ರವರಿ 15

ಚಿ. ಸೌ. ತಂಗಿಗೆ ಆಶೀರ್ವಾದಗಳು.

ನಾವು ಕ್ಷೇಮ. ಅಮ್ಮನ ಕಾಲು ಹಾಗೇ ಇದೆ.

ನಿನ್ನ ಆರೋಗ್ಯದ ಬಗ್ಗೆ ಯೋಚಿಸುತ್ತಿರುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಕೂತೇ ಕೆಲಸ ಮಾಡುವವಳು, ನಡುವೆ ಎದ್ದು ಓಡಾಡು. ನಮ್ಮ ಕೋಣೆಗೆ ಬರುವ ಬಸುರಿಯರಿಗೆ ನಾನು ಒಂದು ಮಾತನ್ನು ತಪ್ಪದೆ ಹೇಳುತ್ತೇನೆ. ದಿನಕ್ಕೊಂದು ಮಾತ್ರೆ, ಒಂದು ದಿನವೂ ಬಿಡದೆ ನುಂಗಿದರೆ, ಮಗು ಸೋಂಕಿಲ್ಲದೆ ಹುಟ್ಟುತ್ತದೆ. ಹಾಗೆ ಹುಟ್ಟಿದ ಮಕ್ಕಳನ್ನು ನಾನೇ ಎತ್ತಿ ಆಡಿಸಿದ್ದೇನೆ. ಬಿಟ್ಟು ಬಿಟ್ಟು ನುಂಗಿದರೆ ಮಾತ್ರ ಔಷಧಿ ಮೋಸ ಮಾಡುತ್ತದೆ. ಸುಮ್ಮನೆ ನನ್ನ ಕೆಲಸದ ಬಗ್ಗೆ ಬರೆದೆ.

ಇನ್ನೊಂದು ವಿಷಯ. ಬುಧವಾರ ನೀನು ಈ ಕಡೆ ಬಂದಾಗ ಮನೆಗೆ ಬರುವ ತೊಂದರೆ ತೆಗೆದುಕೊಳ್ಳಬೇಡ. ನಿನ್ನ ಕೆಲಸ ನೀನು ಮುಗಿಸಿಕೊಂಡು ಹೋಗು. ನಾನು ಏನೂ ಅಂದುಕೊಳ್ಳುವುದಿಲ್ಲ. ಇನ್ನು ಮೇಲೆ ಆ ಬಗ್ಗೆ ಕೇಳುವುದೂ ಇಲ್ಲ.

ಇಂತಿ,
ಅಕ್ಕ

*

ಮಾರ್ಚ್ 4

ಅಕ್ಕನವರಿಗೆ,

ಕಾಗದ ತಲುಪಿತು. ನೀನು ನನಗೆ "ಚಿ. ಸೌ." ಅಂತ ಬರೆದದ್ದು ಇದೇ ಮೊದಲು. ಲಗ್ನಪತ್ರಿಕೆಯಲ್ಲಿ ಕೂಡ ಅದನ್ನು ಬರೆಸಿದ್ದು ಅಪ್ಪ, ನೀನಲ್ಲ.

ಮನೆಗೆ ಬರಬೇಡ ಅಂದೆ. ಆಗಲಿ. ಕಾರಣ ಕೇಳುವುದಿಲ್ಲ. ನಿನ್ನ ಮನೆ, ನಿನ್ನ ಲೋಟ, ನಿನ್ನ ಚಾಪೆ. ಜನರಿಗೆ ಎಷ್ಟೇ ಬುದ್ಧಿ ಹೇಳಿದರೂ ಸ್ವಂತದವರ ವಿಷಯ ಬಂದಾಗ ಒಬ್ಬೊಬ್ಬರ ಮನಸ್ಸು ಒಂದೊಂದು ಥರ. ನಾನು ನಿನ್ನನ್ನು ತಪ್ಪು ಅನ್ನುತ್ತಿಲ್ಲ.

ಅಮ್ಮನಿಗೆ ಒಂದು ದಿಂಬು ಹೊಲಿದಿದ್ದೆ. ರೆಕ್ಸಿನ್ ಅಂಗಡಿಯಲ್ಲಿ ಕೊಟ್ಟಿದ್ದೇನೆ, ತರಿಸಿಕೊಳ್ಳಿ. ಹೊಸ ಬಟ್ಟೆ, ನಾನು ಉಪಯೋಗಿಸಿದ್ದಲ್ಲ.

ತಂಗಿ

*

ಏಪ್ರಿಲ್ 6

ತಂಗೀ,

ನಿನ್ನ ಕಾಗದಕ್ಕೆ ಉತ್ತರ ಬರೆದು ಅಂಚೆಗೆ ಹಾಕುವಷ್ಟರಲ್ಲಿ ಗೇಟು ಮುಚ್ಚಿದರು. ಆ ಕಾಗದ ಅಂಚೆ ಕಚೇರಿಯಿಂದ ವಾಪಸು ಬಂತು. ಎರಡು ಸರ್ಕಾರಗಳ ಜಗಳ ಎಂದು ಮುಗಿಯುತ್ತದೋ ಗೊತ್ತಿಲ್ಲ. ಗೇಟಿನ ಅಂಗಳದಲ್ಲಿ ಲಾರಿಗಳು ನಿಂತಲ್ಲೇ ನಿಂತಿವೆ, ಡ್ರೈವರುಗಳು ಚಕ್ರದ ನೆರಳಲ್ಲಿ ಇಸ್ಪೀಟು ಆಡುತ್ತಿದ್ದಾರೆ. ಸೇತುವೆಯ ಮೇಲೆ ನಾಯಿಗಳು ಮಾತ್ರ ಓಡಾಡುತ್ತಿವೆ. ಫೋನಿನ ತಂತಿಯನ್ನೂ ಕತ್ತರಿಸಿದ್ದಾರೆ. ಇನ್ನು ಕಾಗದಗಳು ಮೂರನೆಯ ದೇಶ ಸುತ್ತಿ ಬರಬೇಕಂತೆ.

ದಿಂಬಿನ ಮಾತು ಓದಿದೆ. ನೀನು ಅಂದುಕೊಂಡದ್ದು ತಪ್ಪು. ಅದನ್ನು ಎದುರಿಗೆ ಕೂತು ಹೇಳುತ್ತೇನೆ. ಈಗ ಅದಕ್ಕಿಂತ ಜರೂರಾದ ವಿಷಯ ಇದೆ, ಗಮನವಿಟ್ಟು ಓದು.

ನಮ್ಮ ಕೋಣೆಯಿಂದ ಮಾತ್ರೆ ಒಯ್ಯುತ್ತಿದ್ದ ಆ ಕಡೆಯ ಜನರೆಲ್ಲ ಈಗ ಅಲ್ಲೇ ಸಿಕ್ಕಿಹಾಕಿಕೊಂಡಿದ್ದಾರೆ. ಅವರಲ್ಲಿ ಒಬ್ಬ ಹೆಂಗಸು ಇದ್ದಾಳೆ, ಬಸುರಿ, ನಿಮ್ಮ ಬೀದಿಯ ಕಡೆಯವಳು. ಎಲ್ಲಾದರೂ ನಿನ್ನ ಕಣ್ಣಿಗೆ ಬಿದ್ದರೆ ಅವಳಿಗೆ ಹೇಳು: ನಿಮ್ಮ ದೊಡ್ಡಾಸ್ಪತ್ರೆಯ ಹಿಂಭಾಗದಲ್ಲಿ ಚೀಟಿ ಬರೆಸುವ ಕಿಟಕಿ ಇದೆ, ಅಲ್ಲಿ ಅದೇ ಮಾತ್ರೆ ಸಿಗುತ್ತದೆ. ದುಡ್ಡು ಬೇಡ. ಮೊದಲು ಎಲ್ಲಿ ತೆಗೆದುಕೊಳ್ಳುತ್ತಿದ್ದೆ ಅಂತ ಕೇಳಿದರೆ ನಿಜ ಹೇಳಲಿ, ಬೈಯುವುದಿಲ್ಲ. ಮಾತ್ರೆ ಮುಗಿಯುವ ಮೊದಲೇ ಹೋಗಲಿ.

ಅವಳು ನನ್ನ ಮೇಲೆ ಸಿಟ್ಟಾಗಿದ್ದರೂ ಚಿಂತೆಯಿಲ್ಲ, ಹೋಗಲಿ.

ಅಕ್ಕ

*

ಮೇ 11

ಅಕ್ಕಾ,

ನಿನ್ನ ಕಾಗದ ಹೋದ ವಾರ ಬಂತು, ಮೈತುಂಬಾ ಠಸ್ಸೆ ಹೊಡೆಸಿಕೊಂಡು.

ನೀನು ಹೇಳಿದ ಹೆಂಗಸು ಸಿಕ್ಕಿದಳು. ಹೇಳಿದೆ. ಅವಳಿಗೆ ಆಗುವುದಿಲ್ಲವಂತೆ. ಆ ಕಿಟಕಿಯ ಹಿಂದೆ ಕೂತು ಚೀಟಿ ಬರೆಯುವವಳು ಅವಳ ಅತ್ತೆಯ ಜೀವದ ಗೆಳತಿಯಂತೆ. ಗಂಡ ಸತ್ತವಳು, ಅವನ ದೊಡ್ಡ ವಾಚನ್ನು ತಾನೇ ಕಟ್ಟಿಕೊಂಡು ಓಡಾಡುತ್ತಾಳೆ, ದಿನಾ ಸಂಜೆ ಅಂಗಡಿಯ ಮುಂದೆ ಅತ್ತೆಯ ಜತೆ ಹರಟೆ. ಅಲ್ಲಿ ಹೆಸರು ಬರೆಸಿದರೆ ಕತ್ತಲಾಗುವುದರೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆ. ಅವಳು ಒಂದೆರಡು ಸಲ ಕಿಟಕಿಯ ಹತ್ತಿರದ ತನಕ ಹೋಗಿ, ನಿಂತು ವಾಪಸು ಬಂದಿದ್ದಾಳೆ. ಕಿಟಕಿಯವಳು ತಲೆ ಎತ್ತಿ ನೋಡಲೂ ಇಲ್ಲವಂತೆ.

ಅವಳ ಗಂಡನಿಗೆ ಏನೂ ತಿಳಿಯದು. ಕೆಟ್ಟವನಲ್ಲ. ಈ ಸೋಂಕು ಯಾರಿಂದ ಯಾರಿಗೆ ಬಂತು ಅಂತ ಅವಳಿಗೇ ಗೊತ್ತಿಲ್ಲ. ಮದುವೆಗೆ ಮುಂಚಿನದೋ ಆಮೇಲಿನದೋ. ಆ ಲೆಕ್ಕ ಹಾಕುವುದನ್ನು ಬಿಟ್ಟಿದ್ದಾಳೆ.

ಮಾತ್ರೆ ಕೈಯಲ್ಲಿ ಸ್ವಲ್ಪವೇ ಉಳಿದಿದ್ದರಿಂದ ಅವಳು ದಿನ ಬಿಟ್ಟು ದಿನ ನುಂಗಿದಳಂತೆ. ಗೇಟು ಇವತ್ತು ತೆರೆಯುತ್ತೆ, ನಾಳೆ ತೆರೆಯುತ್ತೆ ಅಂತ ಎಲ್ಲರೂ ಹೇಳುತ್ತಿದ್ದರಲ್ಲ, ಅಲ್ಲಿಯ ತನಕ ಎಳೆಯೋಣ ಅಂತ. ಈಗ ಅದೂ ಮುಗಿಯಿತು.

ಮಗು ಚೆನ್ನಾಗಿ ಒದೆಯುತ್ತಿದೆಯಂತೆ. ಅಷ್ಟು ಜೋರಾಗಿ ಒದೆಯುವ ಮಗುವಿಗೆ ಏನೂ ಆಗಿರಲಾರದು ಅಲ್ವಾ ಅಕ್ಕ? ಅವಳು ಕೇಳುತ್ತಿದ್ದಾಳೆ.

ನಿನ್ನ
ಮೊಂಡಿ

*

ಮೇ 29

ನನ್ನ ಮೊಂಡೀ,

ಆ ಹೆಂಗಸಿನ ನಾಟಕ ಸಾಕು. ನೀನು. ನೀನೇ.

ಫೆಬ್ರವರಿಯಲ್ಲಿ ಒಂದು ಗುರುವಾರ ಕೆಲಸಕ್ಕೆ ಬಂದಾಗ ಬೆಂಚಿನ ಕೆಳಗೆ ಒಂದು ಖಾಲಿ ರೆಕ್ಸಿನ್ ಚೀಲ ಬಿದ್ದಿತ್ತು. ಮಾತ್ರೆ ಡಬ್ಬಿಯ ಅಳತೆಗೆ ಹೊಲಿದದ್ದು, ಡಬ್ಬಿ ಗಲಗಲ ಅನ್ನದಿರಲಿ ಅಂತ ಒಳಗೆ ಹತ್ತಿ. ಲ್ಯಾಬಿನಣ್ಣ, "ನಿನ್ನೆ ಯಾರೋ ಮರ್ತು ಹೋಗಿದಾರೆ" ಅಂದ. ಆ ಜೋಡಿ ಹೊಲಿಗೆ, ಮೂಲೆಯಲ್ಲಿ ಎರಡು ಸಲ ಅಡ್ಡ ಹಾಕುವುದು, ಅದನ್ನು ನಿನಗೆ ಕಲಿಸಿದ್ದು ಯಾರು? ನಾನು ಚೀಲವನ್ನು ಬೀರುವಿನಲ್ಲಿಟ್ಟು, "ಬಂದೋರಿಗೆ ಕೊಡು" ಅಂದು, ಕೈ ತೊಳೆಯುವ ಕೋಣೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ನಾನು ಇಲ್ಲದ ದಿನ ನೋಡಿಕೊಂಡು ನೀನು ಬರುತ್ತೀಯ ಅಂತ ಆಗ ತಿಳಿಯಿತು. ನನಗೆ ಗೊತ್ತಾಗಿದೆ ಅಂತ ನಿನಗೆ ತಿಳಿದರೆ ಬರುವುದನ್ನೇ ಬಿಡುತ್ತೀಯ ಅಂತ ಹೆದರಿದೆ. ಅದಕ್ಕೇ ಬುಧವಾರ ಮನೆಗೆ ಬರಬೇಡ ಅಂದದ್ದು. ಮನೆಗೆ ಬರಲಿಲ್ಲವಲ್ಲ ಅಂತ ನಿನಗೆ ಇರಿಸುಮುರಿಸು ಆಗದಿರಲಿ, ನಿರಾಳವಾಗಿ ಬಂದು ಮಾತ್ರೆ ಒಯ್ಯಲಿ ಅಂತ. ನೀನದನ್ನು ಹೇಗೆ ಓದಿಕೊಂಡೆಯೋ! ನಿನ್ನ ದಿಂಬಿನ ಮೇಲೆ ಅಮ್ಮ ಮಲಗುತ್ತಾಳೆ, ಅವಳೆದ್ದ ಮೇಲೆ ನಾನು ಮಲಗುತ್ತೇನೆ.

ಈಗ ಎದ್ದು ಚಪ್ಪಲಿ ಮೆಟ್ಟಿಕೋ. ಈ ಕಾಗದ ಓದಿ ಮುಗಿಸಿದ ಕೂಡಲೇ ಹೋಗು. ಇನ್ನೂ ಹೊತ್ತು ಮೀರಿಲ್ಲ, ಹೆರಿಗೆಗೆ ಮುಂಚೆ ಶುರು ಮಾಡಿದರೂ ಮಗುವಿಗೆ ಅಷ್ಟರಮಟ್ಟಿಗೆ ರಕ್ಷಣೆ. ಮಗು ಒದೆಯುವುದನ್ನು ನಂಬಿಕೊಂಡು ಕೂರಬೇಡ, ಒದೆತಕ್ಕೂ ಇದಕ್ಕೂ ಸಂಬಂಧವಿಲ್ಲ.

ಆ ಕಿಟಕಿಯ ಹೆಂಗಸಿಗೆ ಹೆದರಬೇಡ. ಯಾಕೆ ಅಂತ ಕೇಳಬೇಡ. ಇದಕ್ಕಿಂತ ಹೆಚ್ಚು ಬರೆಯಲಾರೆ. ನನ್ನ ಮಾತು ನಂಬಿ ಅವಳ ಮುಂದೆ ಹೋಗಿ ನಿಲ್ಲು.

ಅಕ್ಕ

*

ಜುಲೈ 20

ಮೊಂಡೀ,

ನಿನ್ನಿಂದ ಒಂದು ಗೆರೆಯೂ ಇಲ್ಲ. ಇಷ್ಟು ಹೊತ್ತಿಗೆ ಹೆರಿಗೆ ಆಗಿರಬೇಕು. ಗಂಡೋ ಹೆಣ್ಣೋ, ನೀನು ಹೇಗಿದ್ದೀಯ, ಒಂದೂ ತಿಳಿಯದು. ಅಮ್ಮ ದಿನಾ ಕೇಳುತ್ತಾಳೆ. ದಿನಾ ಒಂದೊಂದು ಸುಳ್ಳು ಹೇಳುತ್ತಿದ್ದೇನೆ.

ಸಂಜೆ ಸೇತುವೆಯ ಈ ತುದಿಗೆ ಹೋಗಿ ನಿಲ್ಲುತ್ತೇನೆ. ಅಲ್ಲಿಂದ ನಿಮ್ಮೂರಿನ ನೀರಿನ ಟ್ಯಾಂಕು ಕಾಣುತ್ತದೆ. ಕೂಗಿದರೆ ಕೇಳಿಸುವಷ್ಟು ಹತ್ತಿರ ಅಂತ ಅನ್ನಿಸುತ್ತದೆ, ಕೇಳಿಸುವುದಿಲ್ಲ. ಗೇಟಿನ ಕಾವಲಿನವನಿಗೆ ನನ್ನ ಗುರುತು ಸಿಕ್ಕಿಬಿಟ್ಟಿದೆ. "ಹೋಗಮ್ಮಾ, ತೆರೆದಾಗ ನಾನೇ ಹೇಳಿಕಳಿಸ್ತೀನಿ" ಅನ್ನುತ್ತಾನೆ.

ಸಾಹೇಬರು ಮತ್ತೆ ಬಂದಿದ್ದರು. ಈ ಸಲ ಗ್ರಾಫಿನ ಗೆರೆ ಇಳಿದಿದೆ. ಇಳಿಯದೆ ಏನು ಮಾಡೀತು, ಆ ಕಡೆಯವರು ಯಾರೂ ಬರುತ್ತಿಲ್ಲ, ನಮ್ಮವರು ಇಲ್ಲಿ ಬರಲು ಹೆದರಿ ಮನೆಯಲ್ಲಿ ಕೂತಿದ್ದಾರೆ. ಆದರೂ ಸಾಹೇಬರಿಗೆ ಖುಷಿಯೋ ಖುಷಿ. ಊರಿಗೆ ಊರೇ ಸುಧಾರಿಸಿದೆ ಅಂತ ಭಾಷಣ ಮಾಡಿ ನನಗೆ ಒಂದು ಶಾಲು ಹೊದಿಸಿದರು. ಜನ ಚಪ್ಪಾಳೆ ಹೊಡೆದರು. ಖಾಲಿ ಬೆಂಚುಗಳ ಮುಂದೆ ಶಾಲು ಹೊದ್ದು ನಿಂತಾಗ ನನಗೆ ನಾಚಿಕೆಯಿಂದ ಕುತ್ತಿಗೆ ಬೆವರಿತು.

ಬೈದಾದರೂ ಒಂದು ಸಾಲು ಬರೆಯೇ.

ಅಕ್ಕ

*

ಅಕ್ಟೋಬರ್ 3

ಅಕ್ಕಾ,

ಗಂಡುಮಗು. ಜೂನ್ ಕೊನೆಯಲ್ಲಿ ಹುಟ್ಟಿದ. ಅಮ್ಮನ ಕಿವಿ, ನಿನ್ನ ಸಿಟ್ಟು.

ನಿನ್ನ ಮೇ ತಿಂಗಳ ಕಾಗದ ಅವನು ಹುಟ್ಟಿದ ಮೇಲೆ ಬಂತು. ಅವನನ್ನು ತೊಡೆಯ ಮೇಲೆ ಹಾಕಿಕೊಂಡು ಓದಿದೆ. "ಇನ್ನೂ ಹೊತ್ತು ಮೀರಿಲ್ಲ" ಅಂತ ಬರೆದಿದ್ದೆ.

ಹೆರಿಗೆ ಕಷ್ಟವಾಯಿತು. ಬೀದಿಯ ನರ್ಸ್ ಕೈಚೆಲ್ಲಿದರು. ಇವರು ನನ್ನನ್ನು ರಿಪೇರಿಗೆ ಬಂದಿದ್ದ ಲಾರಿಯಲ್ಲೇ ಮಲಗಿಸಿ ದೊಡ್ಡಾಸ್ಪತ್ರೆಗೆ ಒಯ್ದರು. ಅಲ್ಲಿ ಎಲ್ಲರಿಗೂ ಮಾಡುವ ಹಾಗೆ ರಕ್ತ ನೋಡಿದರು, ತಿಳಿಯಿತು. ಮಗುವಿಗೆ ಅಂದೇ ಔಷಧಿ ಶುರು ಮಾಡಿದರು. ಇವರಿಗೂ ಹೇಳಿದರು. ಎರಡು ದಿನ ಬಾಗಿಲ ಹೊರಗೇ ನಿಂತಿದ್ದರು. ಮೂರನೆಯ ದಿನ ಒಳಗೆ ಬಂದು, "ನಂದೂ ಪರೀಕ್ಷೆ ಮಾಡಿಸ್ದೆ. ನಂಗೂ ಇದೆ" ಅಂದರು. ಆಮೇಲೆ, "ಒಬ್ಳೇ ಹೊತ್ಕೊಂಡು ಓಡಾಡ್ತಿದ್ಯಲ್ಲ" ಅಂದರು. ಇಷ್ಟು ವರ್ಷಗಳಲ್ಲಿ ನಾನು ಕೇಳಿದ ಅವರ ಅತಿ ಉದ್ದದ ಮಾತು ಅದು. ಇಬ್ಬರೂ ಅತ್ತೆವು.

ಆ ಕಿಟಕಿಯ ಹೆಂಗಸು ವಾರ್ಡಿಗೆ ಬಂದಳು. ನಾನು ಮುಖ ಆ ಕಡೆ ತಿರುಗಿಸಿದೆ. ಅವಳು ಮಂಚದ ಮೇಲೆ ಕೂತು ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದಳು. "ನಾನೂ ಸೇತುವೆ ಆಚೆ ಹೋಗಿ ಮಾತ್ರೆ ತರ್ತಿದ್ದೆ ಕಣೆ. ನನ್ನ ಕಿಟಕೀಲೇ ಮಾತ್ರೆ ಇಟ್ಕೊಂಡು ಅಲ್ಲಿಗೆ ಹೋಗ್ತಿದ್ದೆ, ಇಲ್ಲಿ ನನ್ನ ಹೆಸ್ರು ಬರೀಬೇಕಲ್ಲ ಅಂತ. ಮೇ ತಿಂಗಳಲ್ಲಿ ನೀನು ಬಂದು ಬಂದು ನಿಲ್ತಿದ್ದೆ. ನಿನ್ನಕ್ಕ ಅಲ್ಲಿ ಕೆಲ್ಸದಲ್ಲಿರೋದು, ನನ್ನ ವಿಷ್ಯ ನಿನಗೆ ಗೊತ್ತಾಗಿದೆ, ನೋಡೋಕ್ ಬಂದಿದ್ದೀಯ ಅಂದ್ಕೊಂಡೆ. ಅದಕ್ಕೇ ತಲೆ ಎತ್ತಲಿಲ್ಲ."

ನಾನು ಅವಳಿಗೆ ಹೆದರಿದೆ, ಅವಳು ನನಗೆ ಹೆದರಿದಳು. ನಡುವೆ ಒಂದು ಕಿಟಕಿ, ಅದರ ಹಿಂದೆ ಕಪಾಟಿನ ತುಂಬ ಮಾತ್ರೆ.

ಈಗ ಆಸ್ಪತ್ರೆಯ ಬೆಂಚಿನಲ್ಲಿ ಕೂರುತ್ತೇನೆ. ನಮ್ಮೂರಿನವರು ಎಷ್ಟು ಜನ ಗೊತ್ತಾ? ಹಾಲು ಹಾಕುವವನು, ಶಾಲೆಯ ಟೀಚರಮ್ಮ, ನಮ್ಮ ಅಂಗಡಿಗೆ ದಾರ ತರುವವನು. ಎಲ್ಲರೂ ನಿನ್ನ ಕಡೆಗೆ ಬರುತ್ತಿದ್ದವರೇ ಇರಬೇಕು. ಗೋಡೆ ನೋಡಿಕೊಂಡು ಕೂರುತ್ತೇವೆ, ಒಬ್ಬರನ್ನೊಬ್ಬರು ಮಾತಾಡಿಸುವುದಿಲ್ಲ. ಈ ವರ್ಷ ನಮ್ಮ ಪಟ್ಟಣದಲ್ಲಿ ಎಚ್‌ಐವಿ ದಿಢೀರನೆ ಹೆಚ್ಚಾಗಿದೆ ಅಂತ ಪೇಪರಿನಲ್ಲಿ ಬಂದಿದೆ. ಅತ್ತೆ ಅದನ್ನು ಗಟ್ಟಿಯಾಗಿ ಓದಿ, "ಎಲ್ಲಿಂದ ಬಂದ್ರೋ ಇಂಥೋರು" ಅಂದರು. ನಾನು ಕಾಜಾ ಹಾಕುತ್ತಿದ್ದೆ.

ಮಗುವಿನ ಮೊದಲ ಪರೀಕ್ಷೆಯ ಫಲಿತಾಂಶ ಬಂತು. ಇನ್ನೊಮ್ಮೆ ನೋಡೋಣ ಅಂದರು. ಎರಡನೆಯದೂ ಮೊನ್ನೆ ಬಂತು. ಅವನಿಗೂ ಇದೆ, ಅಕ್ಕ.

ಹೆದರಬೇಡಿ, ಔಷಧಿ ಕೊಟ್ಟರೆ ಎಲ್ಲರ ಹಾಗೆ ಬೆಳೆಯುತ್ತಾನೆ, ಶಾಲೆಗೆ ಹೋಗುತ್ತಾನೆ ಅಂದರು. ನೀನೂ ಅದನ್ನೇ ಹೇಳುತ್ತೀಯ, ನನಗೆ ಗೊತ್ತು. ಆದರೆ ಇದು ಅವನಿಗೆ ಬರಬೇಕಾಗಿರಲಿಲ್ಲ. ಗೇಟು ಮುಚ್ಚುವವರೆಗೆ ನಾನು ಒಂದು ಮಾತ್ರೆಯನ್ನೂ ತಪ್ಪಿಸಿರಲಿಲ್ಲ.

ಒಂದೇ ಒಂದು ಪ್ರಶ್ನೆ. ನಾನು ವಾಚಿನ ಗುರುತು ಬರೆದಾಗಲೇ ಆ ಹೆಂಗಸು ಯಾರು ಅಂತ ನಿನಗೆ ಗೊತ್ತಾಗಿತ್ತು ಅಲ್ವಾ? "ಅವಳೂ ನಿನ್ನ ಹಾಗೆಯೇ, ಮೊಂಡೀ" ಅಂತ ನನಗೆ ಬರೆಯಬಹುದಿತ್ತು. ಬರೆದಿದ್ದರೆ ನೀನು ನನ್ನ ವಿಷಯವನ್ನೂ ಇನ್ನೊಬ್ಬರಿಗೆ ಬರೆಯುವವಳು ಅಂತಾಗುತ್ತಿತ್ತು. ನಿಮ್ಮ ಕೋಣೆಯಿಂದ ಮಾತು ಹೊರಗೆ ಬರುವುದಿಲ್ಲ ಅಂತಲೇ ನಾನು ಅಲ್ಲಿಗೆ ಬಂದದ್ದು. ಎಲ್ಲ ಅರ್ಥವಾಗುತ್ತದೆ. ಆದರೂ ಮಗು ಬಾಯಿ ಮುಚ್ಚಿಕೊಂಡು ಔಷಧಿ ಬೇಡ ಅಂತ ಒದ್ದಾಡುವಾಗ ನಿನ್ನ ಮೇಲೆ ಸಿಟ್ಟು ಬರುತ್ತದೆ. ಫೆಬ್ರವರಿಯಲ್ಲಿ ಸೇತುವೆ ತೆರೆದಿತ್ತು ಅಕ್ಕ. ನೀನು ನಡೆದು ಬರಬಹುದಿತ್ತು. ನಾನೂ ಎರಡು ಬೀದಿ ನಡೆಯಬಹುದಿತ್ತು.

ಮೊಂಡಿ

*

ಅಕ್ಟೋಬರ್ 22

ಮೊಂಡೀ,

ನಿನ್ನ ಪ್ರಶ್ನೆಗೆ ಉತ್ತರ ಬರೆಯಲು ಕೂತು ಹಾಳೆ ಹರಿದು ಹಾಕುತ್ತಿದ್ದೇನೆ. ಆ ಹೆಂಗಸಿನ ಬಗ್ಗೆ ಈಗಲೂ ನಾನು ಹೌದು ಅನ್ನಲಾರೆ, ಇಲ್ಲ ಅನ್ನಲಾರೆ. ಅವಳೇ ನಿನಗೆ ಹೇಳಿದ ಮೇಲೂ. ಮತ್ತೆ ಅಂಥ ಹೊತ್ತು ಬಂದರೂ ಹೀಗೇ ಮಾಡುತ್ತೇನೆ ಅಂತ ಬರೆಯಲು ಹೋದೆ. ಕೈ ಮುಂದೆ ಹೋಗಲಿಲ್ಲ.

ಇಷ್ಟು ವರ್ಷ ಎಷ್ಟೋ ತಾಯಂದಿರಿಗೆ ಧೈರ್ಯ ಹೇಳಿದ್ದೇನೆ. ಔಷಧಿ ಇದೆ, ಮಗು ಬೆಳೆಯುತ್ತೆ, ಓದುತ್ತೆ, ಅದಕ್ಕೂ ಮದುವೆಯಾಗುತ್ತೆ. ಎಲ್ಲವೂ ನಿಜ. ಅವನ ವಿಷಯದಲ್ಲೂ ನಿಜವಾಗುತ್ತದೆ. ಆದರೆ ಅದನ್ನು ನಿನಗೆ ಬರೆಯುವಾಗ ಒಂದಕ್ಷರವೂ ನನ್ನದು ಅನ್ನಿಸುತ್ತಿಲ್ಲ.

ಅಮ್ಮನಿಗೆ ಮೊಮ್ಮಗ ಹುಟ್ಟಿದ ಅಂತ ಹೇಳಿದೆ. ಉಳಿದದ್ದನ್ನು ಹೇಳಿಲ್ಲ.

ಸೋಮವಾರದಿಂದ ನಡೆದು ಹೋಗುವವರಿಗೆ ಗೇಟು ತೆರೆಯುತ್ತಾರಂತೆ. ಮೊದಲ ಸಾಲಿನಲ್ಲಿ ನಾನಿರುತ್ತೇನೆ. ಈ ಕಾಗದಕ್ಕಿಂತ ಮೊದಲು ನಾನೇ ಬಂದರೂ ಬಂದೆ. ಸಿಟ್ಟಿನಲ್ಲಿ ನೀನು ಬಾಗಿಲು ತೆಗೆಯದಿದ್ದರೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ನಿನ್ನ ಅತ್ತೆ ಕೇಳುತ್ತಾರೆ, ಬೀದಿಯವರು ಕೇಳುತ್ತಾರೆ, ಯಾಕಮ್ಮಾ ಹೀಗೆ ಅಳುತ್ತಾ ಕೂತಿದ್ದೀಯ ಅಂತ. ಏನು ಹೇಳಲಿ ಅಂತ ನೀನೇ ಹೇಳು. ನೀನು ಹೇಳುವ ತನಕ ನನ್ನ ಬಾಯಿಂದ ಏನೂ ಬರುವುದಿಲ್ಲ.

ಅಕ್ಕ